ಚಿಕಾಗೋದ ಫಾದರ್‌ಗೆ ಪೆರುವಿನಲ್ಲಿ ಯಾಕಷ್ಟು ಸಂಭ್ರಮ? ಹೊರದೇಶದ ಮಿಷನರಿ ಗುರುಗಳ ಬದುಕು ಹೇಗಿರುತ್ತದೆ?

2025ರ ಮೇ 8ರ ಸಂಜೆ ವ್ಯಾಟಿಕನ್‌ನ ಬಾಲ್ಕನಿಗೆ ಹೊಸ ಪೋಪ್ ಬಂದು ನಿಂತರು. ಹದಿನಾಲ್ಕನೇ ಲಿಯೋ. ಮೊದಲಿನ ಹೆಸರು ರಾಬರ್ಟ್ ಪ್ರಿವೋಸ್ಟ್, ಹುಟ್ಟಿದ್ದು ಅಮೆರಿಕದ ಚಿಕಾಗೋದಲ್ಲಿ. ಅಮೆರಿಕದಿಂದ ಬಂದ ಮೊದಲ ಪೋಪ್ ಅಂತ ಟಿವಿಗಳಲ್ಲೆಲ್ಲ ಅದೇ ಸುದ್ದಿ. ಅವರು ಮಾತ್ರ ಇಟಾಲಿಯನ್‌ನಲ್ಲಿ ಮಾತಾಡುತ್ತಾ, ನಡುವೆ ನಿಲ್ಲಿಸಿ, ಸ್ಪ್ಯಾನಿಷ್‌ಗೆ ಹೊರಳಿ, ಪೆರು ದೇಶದ ಚಿಕ್ಲಾಯೊ ಎಂಬ ಊರಿನ ಜನರನ್ನು ನೆನೆದು ನಮಸ್ಕಾರ ಹೇಳಿದರು. ತಾಯ್ನುಡಿ ಇಂಗ್ಲಿಷ್‌ನಲ್ಲಿ ಒಂದು ಮಾತೂ ಆಡಲಿಲ್ಲ. ಅತ್ತ ಪೆರುವಿನಲ್ಲಿ ಜನ 'ನಮ್ಮವರು ಪೋಪ್ ಆದರು' ಅಂತ ಬೀದಿಗೆ ಬಂದು ಸಂಭ್ರಮಪಟ್ಟರು.

ಆಗ ನನ್ನ ಗೆಳೆಯರು ಕೆಲವರು ಕೇಳಿದರು: ಅಮೆರಿಕದವರು ಪೋಪ್ ಆದರೆ ಪೆರುವಿನವರಿಗೆ ಯಾಕೆ ಖುಷಿ? ಪ್ರಶ್ನೆ ಸರಿಯಾಗಿಯೇ ಇದೆ. ಅದಕ್ಕೆ ಉತ್ತರ ಬೇಕಾದರೆ ಹೊರದೇಶಕ್ಕೆ ಹೋದ ಒಬ್ಬ ಕ್ಯಾಥೊಲಿಕ್ ಗುರು ಅಲ್ಲಿ ನಿಜವಾಗಿ ಏನು ಮಾಡುತ್ತಾರೆ, ಯಾರು ಕಳಿಸುತ್ತಾರೆ, ಊಟ ಬಟ್ಟೆಗೆ ಏನು ದಾರಿ, ಕೊನೆಗೆ ಎಲ್ಲಿ ಮಣ್ಣಾಗುತ್ತಾರೆ ಅನ್ನುವುದೆಲ್ಲ ಗೊತ್ತಾಗಬೇಕು. ನಮ್ಮ ನಾಡಿಗೂ ಇಂಥವರು ಬಂದಿದ್ದಾರೆ, ನಮ್ಮಲ್ಲಿಂದಲೂ ಹೋಗಿದ್ದಾರೆ. ಆದರೂ ಅವರ ದಿನನಿತ್ಯದ ಬದುಕು ಹೊರಗಿನವರಿಗೆ ಗೊತ್ತಿರುವುದು ಕಡಿಮೆ.

## ಫಾದರ್, ಸನ್ಯಾಸಿ, ಮಿಷನರಿ: ಮೂರೂ ಒಂದೇನಾ?

ಮಿಷನರಿ ಅಂದ ಕೂಡಲೇ ಕನ್ನಡಿಗರಿಗೆ ನೆನಪಾಗುವುದು ನಿಘಂಟು ಮಾಡಿದ ಕಿಟೆಲ್. ಆದರೆ ಕಿಟೆಲ್ ಬಾಸೆಲ್ ಮಿಷನ್‌ನವರು, ಅಂದರೆ ಪ್ರೊಟೆಸ್ಟೆಂಟರು. ಅವರಿಗೆ ಮದುವೆಯಾಗಿತ್ತು, ಸಂಸಾರವಿತ್ತು. ಕ್ಯಾಥೊಲಿಕ್ ಮಿಷನರಿ ಗುರುಗಳ ವ್ಯವಸ್ಥೆಯೇ ಬೇರೆ. ಅವರು ಮದುವೆಯಾಗುವುದಿಲ್ಲ.

ಕ್ಯಾಥೊಲಿಕ್ ಗುರುಗಳಲ್ಲಿ ಎರಡು ಬಗೆ. ಮೊದಲನೆಯವರು ಒಂದು ಧರ್ಮಕ್ಷೇತ್ರಕ್ಕೆ ಸೇರಿದವರು. ಧರ್ಮಕ್ಷೇತ್ರ ಅಂದರೆ ಒಬ್ಬ ಬಿಷಪ್ಪರ ಕೈಕೆಳಗಿನ ಪ್ರದೇಶ, ಹೆಚ್ಚುಕಡಿಮೆ ಒಂದೆರಡು ಜಿಲ್ಲೆಯಷ್ಟು ಅಂದುಕೊಳ್ಳಿ. ಇವರಿಗೆ ವರ್ಗಾವಣೆ ಆಗುತ್ತದೆ, ಆದರೆ ಆ ಪ್ರದೇಶದೊಳಗೇ. ಜಿಲ್ಲೆಯೊಳಗೆ ವರ್ಗವಾಗುವ ಪ್ರೈಮರಿ ಶಾಲೆ ಮೇಷ್ಟ್ರ ಹಾಗೆ. ಎರಡನೆಯವರು ಯಾವುದಾದರೂ ಸನ್ಯಾಸಿ ಸಭೆಗೆ ಸೇರಿದವರು. ಜೆಸ್ವಿಟರು, ಫ್ರಾನ್ಸಿಸ್ಕನ್ನರು, ಸಲೇಶಿಯನ್ನರು, ಪೋಪ್ ಲಿಯೋ ಸೇರಿದ್ದ ಅಗಸ್ಟೀನಿಯನ್ನರು, ಹೀಗೆ. ಈ ಸಭೆಗಳು ಹಲವು ದೇಶಗಳಲ್ಲಿ ಹರಡಿಕೊಂಡಿವೆ. ಇವರಿಗೆ ವರ್ಗಾವಣೆ ಸೈನಿಕರ ಥರ, ಜಗತ್ತಿನ ಯಾವ ಮೂಲೆಗೂ ಆಗಬಹುದು.

ಮಿಷನರಿ ಅನ್ನುವುದು ಈ ಎರಡರ ಮೇಲೆ ಬರುವ ಹೊಣೆ. ಹೆಚ್ಚಿನವರು ಸಭೆಗಳಿಂದಲೇ ಹೋಗುತ್ತಾರೆ. ಹೊರದೇಶದ ಕೆಲಸಕ್ಕೆಂದೇ ಹುಟ್ಟಿದ ಸಂಸ್ಥೆಗಳೂ ಇವೆ. ಪ್ಯಾರಿಸ್ಸಿನ ಒಂದು ಮಿಷನ್ ಸಂಸ್ಥೆ 1658ರಲ್ಲೇ ಶುರುವಾಯಿತು, ಹಳೇ ಮೈಸೂರು ಸೀಮೆಗೆ ಬಂದ ಫ್ರೆಂಚ್ ಗುರುಗಳಲ್ಲಿ ಬಹಳ ಜನ ಅದರವರು. ಧರ್ಮಕ್ಷೇತ್ರದ ಗುರುಗಳೂ ಹೋಗಬಹುದು, ಅದು ಡೆಪ್ಯುಟೇಶನ್ ಇದ್ದ ಹಾಗೆ. 1957ರಲ್ಲಿ ಪೋಪ್ ಹನ್ನೆರಡನೇ ಪಯಸ್ ಒಂದು ಪತ್ರ ಬರೆದು, ಗುರುಗಳು ಜಾಸ್ತಿ ಇರುವ ಧರ್ಮಕ್ಷೇತ್ರಗಳು ಕೆಲವರನ್ನು ಆಫ್ರಿಕಾದಂಥ ಕಡೆಗೆ ಕೆಲವು ವರ್ಷ ಎರವಲು ಕೊಡಲಿ ಅಂತ ಕೇಳಿಕೊಂಡಿದ್ದರು. ಹಾಗೆ ಹೋದವರು ಮುಗಿದ ಮೇಲೆ ತಮ್ಮ ಬಿಷಪ್ಪರ ಹತ್ತಿರಕ್ಕೇ ವಾಪಸ್ ಬರುತ್ತಾರೆ.

## ಹೋಗುವುದಲ್ಲ, ಕಳಿಸುವುದು

ಮಿಷನ್ ಎಂಬ ಪದದ ಮೂಲ ಲ್ಯಾಟಿನ್. ಅರ್ಥ 'ಕಳಿಸುವುದು'. ಇಡೀ ಬದುಕಿನ ಕೀಲಿ ಇರುವುದು ಇದೇ ಪದದಲ್ಲಿ. ಮಿಷನರಿ ಅಂದರೆ ಹೋದವನಲ್ಲ, ಕಳಿಸಲ್ಪಟ್ಟವನು.

ಸಭೆ ಸೇರುವವರು ಮೂರು ವ್ರತ ತೊಡುತ್ತಾರೆ. ಬಡತನ, ಬ್ರಹ್ಮಚರ್ಯ, ವಿಧೇಯತೆ. ಹೊರಗಿನವರಿಗೆ ಬ್ರಹ್ಮಚರ್ಯವೇ ಕಷ್ಟ ಅನಿಸುತ್ತದೆ. ಹೊರದೇಶದ ಬದುಕನ್ನು ನೋಡಿದರೆ ನನಗೆ ವಿಧೇಯತೆಯೇ ಎಲ್ಲಕ್ಕಿಂತ ದೊಡ್ಡದು ಅನಿಸುತ್ತದೆ. ಇಷ್ಟಪಟ್ಟ ಊರು ಸಿಗುತ್ತದೆ ಅಂತ ಇಲ್ಲ. ಸಿಕ್ಕಿದ ಊರು ಮನಸ್ಸಿಗೆ ಹತ್ತಿದ ಮೇಲೆ ಅಲ್ಲೇ ಉಳಿಯಬಹುದು ಅಂತಲೂ ಇಲ್ಲ.

ಗೋವಾದಲ್ಲಿ ದೇಹ ಇಟ್ಟಿರುವ ಸಂತ ಫ್ರಾನ್ಸಿಸ್ ಝೇವಿಯರ್ ಹೆಸರು ಎಲ್ಲರೂ ಕೇಳಿದ್ದೇವೆ. ಭಾರತಕ್ಕೆ ಬರಬೇಕಾದವರು ಅವರಲ್ಲ. 1540ರಲ್ಲಿ ಇನ್ನೊಬ್ಬ ಗುರುವನ್ನು ಆರಿಸಿದ್ದರು, ಅವರಿಗೆ ಕಾಯಿಲೆ ಬಂತು, ಕೊನೇ ಗಳಿಗೆಯಲ್ಲಿ ಝೇವಿಯರ್‌ಗೆ ಹೇಳಿದರು. ಒಂದೆರಡು ದಿನದಲ್ಲಿ ರೋಮ್ ಬಿಟ್ಟರು. ಗೋವಾ ಮುಟ್ಟಿದ್ದು 1542ರ ಮೇ 6ಕ್ಕೆ, ಎರಡು ವರ್ಷದ ಮೇಲೆ. ಮತ್ತೆ ಯುರೋಪನ್ನು ನೋಡಲೇ ಇಲ್ಲ, ಹತ್ತು ವರ್ಷ ಕಳೆದು ಚೀನಾದ ಕರಾವಳಿಯ ಒಂದು ದ್ವೀಪದಲ್ಲಿ ತೀರಿಕೊಂಡರು. ಹವಾಯಿಯಲ್ಲಿ ಕುಷ್ಠರೋಗಿಗಳ ನಡುವೆ ಬದುಕಿದ ಬೆಲ್ಜಿಯಮ್ಮಿನ ಫಾದರ್ ಡೇಮಿಯನ್ ಕೂಡ ಬದಲಿಯಾಗಿ ಹೋದವರೇ. ಹೋಗಬೇಕಾಗಿದ್ದದ್ದು ಅದೇ ಸಭೆಯಲ್ಲಿದ್ದ ಅವರ ಅಣ್ಣ. ಅಣ್ಣನಿಗೆ ಜ್ವರ ಹಿಡಿಯಿತು. ಇನ್ನೂ ಗುರುದೀಕ್ಷೆಯೇ ಆಗಿರದ ತಮ್ಮ 'ನಾನು ಹೋಗುತ್ತೇನೆ' ಅಂತ ಮೇಲಿನವರಿಗೆ ಪತ್ರ ಬರೆದ.

ಪ್ರಿವೋಸ್ಟ್ ಕಥೆಯನ್ನು ಇದೇ ಕಣ್ಣಲ್ಲಿ ನೋಡಿ. ಗಣಿತದಲ್ಲಿ ಪದವಿ. 1977ರಲ್ಲಿ ಸಭೆ ಸೇರಿದರು, 1982ರಲ್ಲಿ ಗುರುದೀಕ್ಷೆ. 1985ರಲ್ಲಿ ಪೆರುವಿನ ಉತ್ತರದ ಬಿಸಿಲೂರು ಚುಲುಕಾನಾಸ್‌ಗೆ ಕಳಿಸಿದರು. ನಡುವೆ ಚರ್ಚ್ ಕಾನೂನಿನಲ್ಲಿ ಡಾಕ್ಟರೇಟ್. 1988ರಲ್ಲಿ ಮತ್ತೆ ಪೆರು, ಈ ಸಲ ಟ್ರುಹಿಯೊ ನಗರದಲ್ಲಿ ಹತ್ತು ವರ್ಷ, ಹೊಸ ಹುಡುಗರನ್ನು ಗುರುಗಳಾಗಿ ತಯಾರು ಮಾಡುವ ಕೆಲಸ. ಅಲ್ಲಿಗೆ ಒಗ್ಗಿಕೊಂಡ ಹೊತ್ತಿಗೆ ಚಿಕಾಗೋಕ್ಕೆ ವಾಪಸ್, ಆಮೇಲೆ ರೋಮ್‌ನಲ್ಲಿ ಇಡೀ ಸಭೆಯ ಮುಖ್ಯಸ್ಥ. 2014ರಲ್ಲಿ ಪುನಃ ಪೆರು, ಚಿಕ್ಲಾಯೊದ ಹೊಣೆ. 2015ರಲ್ಲಿ ಆ ದೇಶದ ಪೌರತ್ವವನ್ನೇ ತೆಗೆದುಕೊಂಡರು. ಎಲ್ಲ ಕೂಡಿಸಿದರೆ ಸುಮಾರು 20 ವರ್ಷ ಪೆರುವಿನಲ್ಲಿ. ಅಲ್ಲಿನವರು 'ನಮ್ಮವರು' ಅಂದದ್ದರಲ್ಲಿ ಏನೂ ಉತ್ಪ್ರೇಕ್ಷೆ ಇಲ್ಲ, ಅಲ್ವಾ?

## ಮೊದಲ ಕೆಲಸ ಭಾಷೆ ಕಲಿಯುವುದು

ಹೊಸ ದೇಶದಲ್ಲಿ ಇಳಿದ ಮಿಷನರಿಗೆ ಮೊದಲ ಒಂದೆರಡು ವರ್ಷ ದೊಡ್ಡ ಕೆಲಸ ಕೊಡುವುದಿಲ್ಲ. ಕೂತು ಭಾಷೆ ಕಲಿಯಬೇಕು. ಗುರುಮಠದಲ್ಲಿ ಎಂಟು ಹತ್ತು ವರ್ಷ ತತ್ವಶಾಸ್ತ್ರ, ಧರ್ಮಶಾಸ್ತ್ರ ಓದಿ ಬಂದ ಮೂವತ್ತು ವರ್ಷದ ಮನುಷ್ಯ ಅಂಗಡಿಯಲ್ಲಿ ಉಪ್ಪು ಕೇಳುವುದಕ್ಕೂ ತಡವರಿಸಬೇಕಾಗುತ್ತದೆ. ಊರಿನ ಮಕ್ಕಳು ತಿದ್ದುತ್ತಾರೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಪೂಜೆಯನ್ನು ಪುಸ್ತಕ ನೋಡಿ ಮಾಡಬಹುದು. ಅರವತ್ತರ ದಶಕದವರೆಗೆ ಅದು ಎಲ್ಲ ಕಡೆ ಹೆಚ್ಚಾಗಿ ಲ್ಯಾಟಿನ್‌ನಲ್ಲೇ ಇತ್ತು, ಜಗತ್ತಿನ ಬಿಷಪ್ಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಸಮ್ಮೇಳನದ ಮೇಲೆಯೇ ಆಯಾ ಜನರ ಮಾತಿಗೆ ಬಂದದ್ದು. ಪ್ರವಚನವನ್ನೂ ಯಾರ ಹತ್ತಿರವಾದರೂ ಬರೆಸಿಕೊಂಡು ಓದಬಹುದು. ಪಾಪನಿವೇದನೆಯಲ್ಲಿ ಹಾಗೆ ಮಾಡಲು ಆಗುವುದಿಲ್ಲ. ಒಬ್ಬರು ಬಂದು ಮಂಡಿಯೂರಿ, ತಾವು ಮಾಡಿದ ತಪ್ಪನ್ನು ಪಿಸುದನಿಯಲ್ಲಿ, ತಮ್ಮ ಮನೆಮಾತಿನಲ್ಲಿ, ಅಳುತ್ತ ಹೇಳುತ್ತಾರೆ. ಅದು ಅರ್ಥವಾಗಬೇಕು. ನಡುವೆ ದುಭಾಷಿಯನ್ನು ಕೂರಿಸಿಕೊಳ್ಳಲು ಯಾರ ಮನಸ್ಸೂ ಒಪ್ಪುವುದಿಲ್ಲ. ಹಾಗಾಗಿ ಮಿಷನರಿ ಕಲಿಯುವುದು ಭಾಷಣದ ಭಾಷೆ ಅಲ್ಲ, ಕೇಳಿಸಿಕೊಳ್ಳುವ ಭಾಷೆ.

ಇದಕ್ಕೆ ನಮ್ಮ ಕರಾವಳಿಗೆ ಹತ್ತಿರದ ಒಂದು ಉದಾಹರಣೆ ಸಂತ ಜೋಸೆಫ್ ವಾಸ್. 1651ರಲ್ಲಿ ಗೋವಾದ ಬೆನಾವ್ಲಿಯಲ್ಲಿ ಹುಟ್ಟಿದ ಕೊಂಕಣಿ ಮನೆಮಾತಿನ ಗುರು. 1681ರಿಂದ ಮೂರು ವರ್ಷ ಮಂಗಳೂರು, ಬಸ್ರೂರು, ಗಂಗೊಳ್ಳಿ ಕಡೆ ಓಡಾಡಿದರು. ಮುಡಿಪುವಿನಲ್ಲಿ ಇವತ್ತಿಗೂ ಅವರ ಹೆಸರಿನ ಪುಣ್ಯಕ್ಷೇತ್ರ ಇದೆ. ಆಮೇಲೆ ಅವರ ಕಿವಿಗೆ ಬಿದ್ದದ್ದು ಲಂಕೆಯ ಸುದ್ದಿ. ಅಲ್ಲಿ ಪೋರ್ಚುಗೀಸರನ್ನು ಓಡಿಸಿದ ಡಚ್ಚರು ಕ್ಯಾಥೊಲಿಕ್ ಗುರುಗಳನ್ನೂ ಹೊರಗೆ ಹಾಕಿದ್ದರು. ಸುಮಾರು 30 ವರ್ಷದಿಂದ ಆ ಜನರಿಗೆ ಗುರುಗಳೇ ಇರಲಿಲ್ಲ. ಬಿಳಿಯರು ಹೋದರೆ ಬಂದರಿನಲ್ಲೇ ಸಿಕ್ಕಿಬೀಳುತ್ತಾರೆ. ವಾಸ್ ನಮ್ಮ ನಿಮ್ಮ ಬಣ್ಣದವರು. 1687ರಲ್ಲಿ ಕೂಲಿಯವನ ವೇಷ ಹಾಕಿ ದೋಣಿ ಹತ್ತಿ ಜಾಫ್ನಾ ಸೇರಿದರು. ಇಳಿದಾಗ ರಕ್ತಭೇದಿಯಿಂದ ಸಾಯುವ ಸ್ಥಿತಿ. ತಮಿಳು ಕಲಿತರು. ಒಳನಾಡಿನ ಕ್ಯಾಂಡಿ ರಾಜ್ಯಕ್ಕೆ ಹೋದಾಗ ಪೋರ್ಚುಗೀಸ್ ಗೂಢಚಾರ ಅಂತ ಜೈಲಿಗೆ ಹಾಕಿದರು. ಜೈಲಿನಲ್ಲೇ ಸಿಂಹಳ ಕಲಿತರು! ಆಮೇಲೆ ಊರಲ್ಲಿ ಸಿಡುಬು ಹಬ್ಬಿ ಜನ ರೋಗಿಗಳನ್ನು ಬಿಟ್ಟು ಓಡಿದಾಗ ಇವರು ಉಳಿದು ಆರೈಕೆ ಮಾಡಿದರು, ಹೆಣ ಹೂಳಿದರು. ರಾಜನಿಗೂ ನಂಬಿಕೆ ಬಂತು. 1711ರಲ್ಲಿ ಕ್ಯಾಂಡಿಯಲ್ಲೇ ತೀರಿಕೊಂಡರು. ಗೋವಾಕ್ಕೆ ಮತ್ತೆ ಹೋಗಲೇ ಇಲ್ಲ. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊಕ್ಕೆ ಬಂದು ಅವರನ್ನು ಸಂತರೆಂದು ಸಾರಿದರು.

## ಬೆಳಗಿನಿಂದ ರಾತ್ರಿಯವರೆಗೆ ಏನು ಕೆಲಸ?

ಬೆಳಿಗ್ಗೆ ಬೇಗ ಎದ್ದು ಪ್ರಾರ್ಥನೆ. ಗುರುಗಳಾದವರು ದಿನಕ್ಕೆ ಹಲವು ಹೊತ್ತು ಓದಲೇಬೇಕಾದ ಪ್ರಾರ್ಥನೆಗಳ ಪುಸ್ತಕ ಇರುತ್ತದೆ, ಬಸ್ಸಲ್ಲಿದ್ದರೂ ಬಿಡುವ ಹಾಗಿಲ್ಲ. ಆಮೇಲೆ ಪೂಜೆ. ಆಮೇಲೆ ಶುರುವಾಗುವುದು ಓಡಾಟ.

ಆಫ್ರಿಕಾ, ದಕ್ಷಿಣ ಅಮೆರಿಕ, ಪಪುವಾ ನ್ಯೂಗಿನಿಯಂಥ ಕಡೆ ಒಬ್ಬ ಗುರುವಿಗೆ ಒಂದೇ ಚರ್ಚ್ ಇರುವುದಿಲ್ಲ. ನಡುವೆ ಒಂದು ದೊಡ್ಡ ಚರ್ಚ್, ಸುತ್ತ ಹಳ್ಳಿಗಳಲ್ಲಿ ಚಿಕ್ಕ ಚಿಕ್ಕ ಪ್ರಾರ್ಥನಾ ಮಂದಿರಗಳು. ನಮ್ಮಲ್ಲಿ ಪ್ರೈಮರಿ ಹೆಲ್ತ್ ಸೆಂಟರ್ ಒಂದು ಕಡೆ, ಸಬ್ ಸೆಂಟರ್ ಹಲವು ಕಡೆ ಇರುವಂತೆ. ಕೆಲವು ಹಳ್ಳಿಗಳಿಗೆ ಗುರುಗಳು ತಿಂಗಳಿಗೊಮ್ಮೆ, ಕೆಲವಕ್ಕೆ ವರ್ಷಕ್ಕೆ ಒಂದೆರಡು ಸಲ ಮಾತ್ರ ಮುಟ್ಟಲು ಆಗುತ್ತದೆ. ಉಳಿದ ಭಾನುವಾರಗಳಲ್ಲಿ ಆ ಊರಿನವರೇ ಆದ ಉಪದೇಶಿ ಪ್ರಾರ್ಥನೆ ನಡೆಸುತ್ತಾರೆ. ಮಿಷನ್ ನಿಂತಿರುವುದು ಈ ಉಪದೇಶಿಗಳ ಹೆಗಲ ಮೇಲೆ. ಫೋಟೊದಲ್ಲಿ ಮಾತ್ರ ಫಾದರ್ ಒಬ್ಬರೇ ಕಾಣಿಸುತ್ತಾರೆ.

ಹಾಗಾದರೆ ಗುರುಗಳೇ ಯಾಕೆ ಬೇಕು? ಪೂಜೆ ಅರ್ಪಿಸುವುದು, ಪಾಪನಿವೇದನೆ ಕೇಳುವುದು, ಕಾಯಿಲೆಯವರಿಗೆ ಎಣ್ಣೆ ಹಚ್ಚುವ ಸಂಸ್ಕಾರ, ಈ ಮೂರನ್ನು ದೀಕ್ಷೆಯಾದ ಗುರುವೇ ಮಾಡಬೇಕು. ಯಾರೋ ಸಾಯುವ ಸ್ಥಿತಿಯಲ್ಲಿದ್ದಾರೆ ಅಂತ ರಾತ್ರಿ ಎರಡಕ್ಕೆ ಬಾಗಿಲು ತಟ್ಟಿದರೆ ಎದ್ದು ಹೋಗಬೇಕಾದ್ದು ಇದಕ್ಕೇ.

ಇದರ ಜೊತೆಗೆ ಕಾಗದದ ಕೆಲಸ. ಯಾರ ಜ್ಞಾನಸ್ನಾನ (ಚರ್ಚ್‌ಗೆ ಸೇರಿಸಿಕೊಳ್ಳುವ ಸಂಸ್ಕಾರ) ಯಾವತ್ತು ಆಯಿತು, ಯಾರ ಮದುವೆ, ಯಾರ ಸಾವು, ಎಲ್ಲ ದಪ್ಪ ರಿಜಿಸ್ಟರುಗಳಲ್ಲಿ ಬರೆದಿಡಬೇಕು. ಸರ್ಕಾರದ ದಾಖಲೆ ಸರಿಯಾಗಿ ಇಲ್ಲದ ಎಷ್ಟೋ ಜಾಗಗಳಲ್ಲಿ ಒಬ್ಬ ಮನುಷ್ಯ ಹುಟ್ಟಿದ್ದಕ್ಕೆ ಇರುವ ಸಾಕ್ಷಿ ಆ ಒಂದು ಸಾಲು.

ಇನ್ನು ಊರಿಗೆ ಏನು ಬೇಕೋ ಅದು. ಪ್ರಿವೋಸ್ಟ್ ಚಿಕ್ಲಾಯೊದಲ್ಲಿ ಇದ್ದಾಗಿನ ಫೋಟೊಗಳನ್ನು ನೋಡಿ. ಪ್ರವಾಹದ ಕೆಸರು ನೀರಿನಲ್ಲಿ ರಬ್ಬರ್ ಬೂಟು ಹಾಕಿ ನಿಂತಿದ್ದಾರೆ. ಗುಡ್ಡದ ಹಳ್ಳಿಗಳಿಗೆ ಕುದುರೆ ಮೇಲೆ ಹೋಗುತ್ತಿದ್ದಾರೆ. ಕೊರೊನಾ ಹೊತ್ತಿನಲ್ಲಿ ಆಮ್ಲಜನಕದ ಘಟಕಕ್ಕೆ ಹಣ ಒಟ್ಟು ಮಾಡಲು ನಿಂತರು.

ಮಂಗಳೂರಿನ ಕಂಕನಾಡಿಯದೂ ಇಂಥದೇ ಕಥೆ. ಜರ್ಮನಿಯ ಜೆಸ್ವಿಟ್ ಗುರು ಅಗಸ್ಟಸ್ ಮುಲ್ಲರ್ ಅಲ್ಲಿ ಇದ್ದುಕೊಂಡು, 1880ರಲ್ಲಿ ಒಂದು ಆಲದ ಮರದ ಕೆಳಗೆ ಹೋಮಿಯೋಪಥಿ ಮದ್ದು ಕೊಡತೊಡಗಿದರು. 1890ರಲ್ಲಿ ಕುಷ್ಠರೋಗಿಗಳಿಗೆ ಆಸ್ಪತ್ರೆ. ಪ್ಲೇಗ್ ಬಂದಾಗ ಪ್ಲೇಗ್ ರೋಗಿಗಳಿಗೂ ಜಾಗ. 1910ರಲ್ಲಿ ತೀರಿಕೊಂಡರು. ಇವತ್ತು ಊರವರು ಫಾದರ್ ಮುಲ್ಲರ್ಸ್ ಅಂತ ಕರೆಯುವ ದೊಡ್ಡ ಆಸ್ಪತ್ರೆ, ಮೆಡಿಕಲ್ ಕಾಲೇಜು ಎಲ್ಲ ಆ ಮರದ ಬುಡದಿಂದ ಬೆಳೆದದ್ದು.

ಹಳೇ ಮೈಸೂರಿನ ಕಡೆ ಇನ್ನೂ ಹಿಂದೆ, ಟಿಪ್ಪು ತೀರಿಕೊಂಡ ಕಾಲಕ್ಕೆ, ಫ್ರಾನ್ಸಿನ ಅಬ್ಬೆ ದುಬುವಾ ಬಂದರು. ನಮ್ಮವರ ಹಾಗೆ ಬಟ್ಟೆ, ನಮ್ಮವರ ಹಾಗೆ ಊಟ. ಜನ 'ದೊಡ್ಡ ಸ್ವಾಮಿಯೋರು' ಅನ್ನುತ್ತಿದ್ದರು. ಸಿಡುಬಿಗೆ ದಾಕು ಹಾಕುವುದು ಆಗತಾನೇ ಹೊಸದು, ಜನರಿಗೆ ಭಯ. ಇವರು ಊರೂರು ತಿರುಗಿ ಒಪ್ಪಿಸಿ 25 ಸಾವಿರಕ್ಕೂ ಹೆಚ್ಚು ಜನರಿಗೆ ಹಾಕಿಸಿದರು. ಹಾಸನದ ಹತ್ತಿರ ಹೇಮಾವತಿಯ ಹಿನ್ನೀರಿನಲ್ಲಿ ಮುಳುಗೇಳುವ ಶೆಟ್ಟಿಹಳ್ಳಿ ಚರ್ಚನ್ನು ನೀವು ನೋಡಿರಬಹುದು. ಆ ಚರ್ಚ್ ಕಟ್ಟಿದ್ದು ದುಬುವಾ ಅವರ ಎಷ್ಟೋ ಕಾಲದ ಮೇಲೆ, ಆದರೆ ಆ ಸೀಮೆಯಲ್ಲಿ ಫ್ರೆಂಚ್ ಗುರುಗಳ ಓಡಾಟ ಬೇರುಬಿಟ್ಟದ್ದು ಅವರಂಥವರಿಂದ.

## ಮತಾಂತರದ ಪ್ರಶ್ನೆ

ಇದನ್ನು ಬಿಟ್ಟು ಮುಂದೆ ಹೋದರೆ ಲೇಖನ ಪ್ರಾಮಾಣಿಕ ಆಗುವುದಿಲ್ಲ. ಮಿಷನರಿ ಎಂದರೆ ನಮ್ಮಲ್ಲಿ ತುಂಬಾ ಜನರ ಮನಸ್ಸಿಗೆ ಬರುವುದು ಇದೇ.

ತನ್ನ ನಂಬಿಕೆಯನ್ನು ಸಾರುವುದು ಮಿಷನರಿಯ ಕೆಲಸ ಹೌದು. ಚರ್ಚ್ ಅದನ್ನು ಮುಚ್ಚಿಡುವುದೂ ಇಲ್ಲ. ಆದರೆ ಯಾರನ್ನೂ ಅವರ ಮನಸ್ಸಾಕ್ಷಿಗೆ ವಿರುದ್ಧವಾಗಿ ಬಲವಂತದಿಂದ ಸೇರಿಸಬಾರದು ಅಂತ ಚರ್ಚ್‌ನ ಸ್ವಂತ ಕಾನೂನೇ ಹೇಳುತ್ತದೆ, ಸಂಹಿತೆಯ 748ನೇ ನಿಯಮ. ಇತಿಹಾಸ ಯಾವಾಗಲೂ ಹಾಗೇ ನಡೆಯಿತಾ? ಇಲ್ಲ. ಹದಿನಾರನೇ ಶತಮಾನದಲ್ಲಿ ಪೂರ್ವದ ಕಡೆ ಗುರುಗಳನ್ನು ಕಳಿಸುವ ಹಕ್ಕನ್ನು ಪೋಪರು ಪೋರ್ಚುಗಲ್ ರಾಜನಿಗೆ ಕೊಟ್ಟಿದ್ದರು. ಗುರುಗಳು ಬಂದದ್ದು ರಾಜನ ಹಡಗಿನಲ್ಲಿ, ರಾಜನ ಖರ್ಚಿನಲ್ಲಿ. ಶಿಲುಬೆ ಮತ್ತು ಫಿರಂಗಿ ಒಟ್ಟಿಗೇ ಬಂದಿಳಿದವು. ಗೋವಾದಲ್ಲಿ 1560ರಲ್ಲಿ ಶುರುವಾದ ಧರ್ಮವಿಚಾರಣೆಯ, ಅಂದರೆ ನಂಬಿಕೆ ತಪ್ಪಿದರೆಂದು ಜನರನ್ನು ವಿಚಾರಿಸಿ ಶಿಕ್ಷಿಸುತ್ತಿದ್ದ ಚರ್ಚ್ ನ್ಯಾಯಾಲಯದ, ನೋವಿನ ನೆನಪು ಕರಾವಳಿಗೆ ವಲಸೆ ಬಂದ ಹಲವು ಕುಟುಂಬಗಳಲ್ಲಿದೆ, ಹಿಂದೂಗಳಲ್ಲೂ ಕ್ರೈಸ್ತರಲ್ಲೂ.

ಈ ಗಂಟನ್ನು ಬಿಡಿಸಲು ರೋಮ್ 1622ರಲ್ಲಿ ಮಿಷನ್ ಕೆಲಸಕ್ಕೆಂದೇ ತನ್ನದೇ ಕಚೇರಿ ತೆರೆಯಿತು. 1659ರಲ್ಲಿ ಆ ಕಚೇರಿ ಏಷ್ಯಾಕ್ಕೆ ಹೊರಟವರಿಗೆ ಕೊಟ್ಟ ಸೂಚನೆ ನನಗೆ ಬಹಳ ಮುಖ್ಯ ಅನಿಸುತ್ತದೆ. ಫ್ರಾನ್ಸನ್ನೋ ಸ್ಪೇನನ್ನೋ ಇಟಲಿಯನ್ನೋ ಹೊತ್ತುಕೊಂಡು ಹೋಗಿ ಚೀನಾದಲ್ಲಿ ಇಳಿಸುವುದಕ್ಕಿಂತ ಅಸಂಬದ್ಧ ಬೇರೇನಿದೆ, ನಂಬಿಕೆಯನ್ನು ಕೊಡಿ, ನಿಮ್ಮ ದೇಶವನ್ನಲ್ಲ, ಅಲ್ಲಿನವರ ಆಚಾರ ಕೆಟ್ಟದ್ದಲ್ಲದಿದ್ದರೆ ಮುಟ್ಟಬೇಡಿ ಅನ್ನುವುದು ಅದರ ಸಾರಾಂಶ. ಪಾಲಿಸಿದವರೂ ಇದ್ದರು, ಪಾಲಿಸದವರೂ ಇದ್ದರು. ನಮ್ಮ ದುಬುವಾ ಅವರಂತೂ ಮೂವತ್ತು ವರ್ಷ ಇಲ್ಲಿದ್ದು 1823ರಲ್ಲಿ ವಾಪಸ್ ಹೋದಾಗ, ಹಿಂದೂಗಳನ್ನು ಮತಾಂತರ ಮಾಡುವುದು ಆಗದ ಮಾತು ಅಂತ ಪತ್ರಗಳಲ್ಲಿ ಬಹಿರಂಗವಾಗಿಯೇ ಬರೆದರು.

ಪೆರುವಿನಂಥ ಕಡೆ ಈ ಪ್ರಶ್ನೆ ಏಳುವುದೇ ಕಡಿಮೆ. ಅಲ್ಲಿ ಜನ ಮೊದಲೇ ಕ್ಯಾಥೊಲಿಕ್ಕರು. ಸಾಲದೆ ಇರುವುದು ಗುರುಗಳ ಸಂಖ್ಯೆ.

## ದುಡ್ಡು ಎಲ್ಲಿಂದ?

1822ರಲ್ಲಿ ಫ್ರಾನ್ಸಿನ ಲಿಯೋನ್ ಪಟ್ಟಣದಲ್ಲಿ ಪೋಲಿನ್ ಜರಿಕೋ ಎಂಬ ಹೆಣ್ಣುಮಗಳು ರೇಷ್ಮೆ ಕೆಲಸಗಾರರ ನಡುವೆ ಒಂದು ಉಪಾಯ ಶುರು ಮಾಡಿದಳು. ಹತ್ತು ಜನರ ಒಂದು ಗುಂಪು. ಪ್ರತಿಯೊಬ್ಬರೂ ವಾರಕ್ಕೆ ಒಂದು ಚಿಲ್ಲರೆ ಕಾಸು ಕೊಡಬೇಕು. ಹತ್ತು ಗುಂಪಿಗೆ ಒಬ್ಬರು ಮುಖ್ಯಸ್ಥರು. ನಮ್ಮ ಸ್ವಸಹಾಯ ಸಂಘಗಳ ಲೆಕ್ಕದ ಹಾಗೇ ಇದೆ ನೋಡಿ. ರಾಜರ ಹಣದಿಂದ ನಡೆಯುತ್ತಿದ್ದ ಮಿಷನ್‌ಗಳು ಬಡವರ ಕಾಸಿನಿಂದ ನಡೆಯತೊಡಗಿದ್ದು ಹೀಗೆ. ಅದೇ ಸಂಘ ಬೆಳೆದು ಇವತ್ತು ಪೋಪರ ಮಿಷನ್ ಸಂಸ್ಥೆಗಳಲ್ಲಿ ಒಂದಾಗಿದೆ. ಅಕ್ಟೋಬರ್‌ನ ಕೊನೆಯ ಹಿಂದಿನ ಭಾನುವಾರ ಜಗತ್ತಿನ ಎಲ್ಲ ಕ್ಯಾಥೊಲಿಕ್ ಚರ್ಚ್‌ಗಳಲ್ಲಿ ಮಿಷನ್ ಭಾನುವಾರದ ಕಾಣಿಕೆ ಎತ್ತುತ್ತಾರೆ, ನಮ್ಮ ಹಳ್ಳಿಯ ಚರ್ಚ್‌ಗಳಲ್ಲೂ.

ಗುರುಗಳ ಕೈಗೆ ಬರುವುದು ಕಡಿಮೆ. ಬಡತನದ ವ್ರತ ಇರುವವರಿಗೆ ಸ್ವಂತ ಆಸ್ತಿ ಇಲ್ಲ, ಬಂದದ್ದು ಸಭೆಯ ಖಾತೆಗೆ ಹೋಗುತ್ತದೆ, ಊಟ, ಔಷಧಿ, ಪ್ರಯಾಣ ಸಭೆ ನೋಡಿಕೊಳ್ಳುತ್ತದೆ. ಒಬ್ಬರ ಹೆಸರಿನಲ್ಲಿ ಪೂಜೆ ಮಾಡಿಸಿದರೆ ಕೊಡುವ ಸಣ್ಣ ಕಾಣಿಕೆಯೂ ಒಂದು ಆಧಾರ, ಅದರಲ್ಲೂ ದಿನಕ್ಕೆ ಒಂದು ಪೂಜೆಯ ಕಾಣಿಕೆ ಮಾತ್ರ ಇಟ್ಟುಕೊಳ್ಳಬಹುದು. ದೇಶದಿಂದ ದೇಶಕ್ಕೆ ವ್ಯತ್ಯಾಸ ಬಹಳ. ಜರ್ಮನಿಯಲ್ಲಿ ಚರ್ಚ್ ತೆರಿಗೆ ಅಂತ ಇದೆ, ಅಲ್ಲಿ ಕೆಲಸ ಮಾಡುವ ಗುರುಗಳಿಗೆ ಸಂಬಳ ಬರುತ್ತದೆ. ಅಲ್ಲಿರುವ ಸಭೆಯ ಗುರುಗಳ ಸಂಬಳ ಎಷ್ಟೋ ಸಲ ಇಲ್ಲಿನ ಒಂದು ಗುರುಮಠವನ್ನೋ ಶಾಲೆಯನ್ನೋ ನಡೆಸುತ್ತಿರುತ್ತದೆ.

## ಅಪಾಯ, ಮತ್ತೆ ಒಂಟಿತನ

ಹಿಂದೆ ಕೊಲ್ಲುತ್ತಿದ್ದದ್ದು ಜ್ವರ. ಕೊಯಮತ್ತೂರಿನಲ್ಲಿ ಬಿಷಪ್ ಆಗಿದ್ದ ಫ್ರಾನ್ಸಿನ ಮರಿಯೋಂ ಬ್ರೆಸಿಯಾಕ್ ಆಮೇಲೆ ಆಫ್ರಿಕಾಕ್ಕಾಗಿಯೇ ಒಂದು ಸಭೆ ಕಟ್ಟಿದರು. 1859ರ ಮೇ ತಿಂಗಳಲ್ಲಿ ಸಿಯೆರಾ ಲಿಯೋನ್‌ನಲ್ಲಿ ಇಳಿದರು. ಆರು ವಾರದಲ್ಲಿ ತೀರಿಕೊಂಡರು. ಜೊತೆಯಲ್ಲಿದ್ದ ಗುರುಗಳೂ ಉಳಿಯಲಿಲ್ಲ. ಆ ಸುದ್ದಿ ಮುಟ್ಟಿದ ಮೇಲೂ ಆ ಸಭೆಗೆ ಜನ ಸೇರಿದರು, ಹೋದರು.

ಈಗ ಭಯ ಬಂದೂಕಿನದು. ಪ್ರಿವೋಸ್ಟ್ ಟ್ರುಹಿಯೊದಲ್ಲಿದ್ದ ಕಾಲಕ್ಕೆ ಪೆರುವಿನಲ್ಲಿ ಮಾವೋವಾದಿಗಳ ಹಿಂಸೆ ಉರಿಯುತ್ತಿತ್ತು. 1991ರ ಆಗಸ್ಟ್ 9ರಂದು ಪರಿಯಾಕೊಟೊ ಎಂಬ ಊರಿನಲ್ಲಿ ಪೋಲೆಂಡಿನ ಇಬ್ಬರು ಯುವ ಫ್ರಾನ್ಸಿಸ್ಕನ್ ಗುರುಗಳನ್ನು ಪೂಜೆ ಮುಗಿದ ಮೇಲೆ ಕರೆದೊಯ್ದು ಕೊಂದರು. ಬೆಂಗಳೂರು ಪ್ರಾಂತ್ಯದ ಸಲೇಶಿಯನ್ ಗುರು ಟಾಮ್ ಉಳುನ್ನಾಲಿಲ್ ಅವರನ್ನು 2016ರ ಮಾರ್ಚ್ 4ರಂದು ಯೆಮೆನ್‌ನ ಏಡನ್‌ನಲ್ಲಿ ವೃದ್ಧಾಶ್ರಮಕ್ಕೆ ನುಗ್ಗಿದವರು ಅಪಹರಿಸಿದ್ದು ನಿಮಗೆ ನೆನಪಿರಬಹುದು. ಅವತ್ತು ನಾಲ್ವರು ಸಿಸ್ಟರ್‌ಗಳೂ ಸೇರಿ 16 ಜನ ಸತ್ತರು. ಫಾದರ್ ಟಾಮ್ ಬಿಡುಗಡೆಯಾದದ್ದು 18 ತಿಂಗಳ ಮೇಲೆ, ಒಮಾನ್ ದೇಶದ ನೆರವಿನಿಂದ. ಸೆರೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಏನೂ ಇಲ್ಲದೆ ಮನಸ್ಸಿನಲ್ಲೇ ದಿನಾ ಪೂಜೆ ಹೇಳುತ್ತಿದ್ದೆ ಅಂತ ಆಮೇಲೆ ತಿಳಿಸಿದರು.

ಇಂಥವು ಸುದ್ದಿಯಾಗುತ್ತವೆ. ಸುದ್ದಿಯಾಗದೆ ದಿನಾ ಇರುವುದು ಒಂಟಿತನ. ಇದನ್ನು ತೋರಿಸಲು ಡೇಮಿಯನ್ ಅವರ ಒಂದು ಘಟನೆ ಸಾಕು. 1873ರಲ್ಲಿ ಅವರು ಮೊಲೊಕಾಯ್ ದ್ವೀಪದ ಕುಷ್ಠರೋಗಿಗಳ ನೆಲೆಗೆ ಹೋದರು. ಅಲ್ಲಿಗೆ ಹೋದವರು ಹೊರಗೆ ಬರುವ ಹಾಗಿಲ್ಲ, ಹೊರಗಿನವರು ಒಳಗೆ ಇಳಿಯುವ ಹಾಗಿಲ್ಲ. ಗುರುಗಳೂ ಪಾಪನಿವೇದನೆ ಮಾಡಬೇಕು, ಅದನ್ನು ಇನ್ನೊಬ್ಬ ಗುರುವಿನ ಮುಂದೆಯೇ ಮಾಡಬೇಕು. ಒಂದು ದಿನ ಅವರ ಸಭೆಯ ಹಿರಿಯರು ಹಡಗಿನಲ್ಲಿ ಬಂದರು. ಕ್ಯಾಪ್ಟನ್ ಇಳಿಯಲು ಬಿಡಲಿಲ್ಲ. ಡೇಮಿಯನ್ ಸಣ್ಣ ದೋಣಿಯಲ್ಲಿ ಹಡಗಿನ ಪಕ್ಕಕ್ಕೆ ಬಂದರು, ಹತ್ತಲು ಬಿಡಲಿಲ್ಲ. ಕೊನೆಗೆ ಅಲೆಯ ಮೇಲೆ ತೂಗುವ ದೋಣಿಯಲ್ಲಿ ನಿಂತು, ಮೇಲೆ ಕಟಾಂಜನದ ಹತ್ತಿರ ನಿಂತ ಹಿರಿಯರಿಗೆ ಕೇಳಿಸುವ ಹಾಗೆ, ತಮ್ಮ ಪಾಪಗಳನ್ನು ಫ್ರೆಂಚ್‌ನಲ್ಲಿ ಕೂಗಿ ಹೇಳಿದರು. ಜಗತ್ತಿನ ಎಲ್ಲ ಕಡೆ ಪಿಸುಮಾತಿನಲ್ಲಿ ಹೇಳುವುದನ್ನು ಆ ಮನುಷ್ಯ ಸಮುದ್ರದ ಮೇಲೆ ಕೂಗಬೇಕಾಯಿತು.

## ಈಗ ದಾರಿ ತಿರುಗಿದೆ

ಯುರೋಪಿನ ಚರ್ಚ್‌ಗಳಲ್ಲಿ ಗುರುಗಳಾಗುವ ಹುಡುಗರು ಬಹಳ ಕಡಿಮೆಯಾಗಿದ್ದಾರೆ. ಹಾಗಾಗಿ ಒಂದು ಕಾಲಕ್ಕೆ ಗುರುಗಳನ್ನು ಕಳಿಸಿದ ದೇಶಗಳಿಗೇ ಈಗ ಭಾರತ, ಆಫ್ರಿಕಾ, ಫಿಲಿಪ್ಪೀನ್ಸ್‌ನಿಂದ ಗುರುಗಳು ಹೋಗುತ್ತಿದ್ದಾರೆ. ಮಂಗಳೂರಿನ ಜೆಪ್ಪುವಿನಲ್ಲಿ 1879ರಲ್ಲಿ ಜೆಸ್ವಿಟರು ತೆರೆದ ಗುರುಮಠ ಇದೆ, ಬೆಂಗಳೂರಿನಲ್ಲಿ ಹಲವಾರು ಇವೆ. ಕರಾವಳಿಯ ಕೊಂಕಣಿ ಮನೆಗಳಿಂದ ಹೋದ ಗುರುಗಳು ಇಟಲಿ, ಜರ್ಮನಿ, ಅಮೆರಿಕ, ಟಾಂಜಾನಿಯಾದಲ್ಲೆಲ್ಲ ಸಿಗುತ್ತಾರೆ.

ಅವರ ಕಷ್ಟಗಳು ಬೇರೆ ಥರದವು. ಮಲೇರಿಯಾ ಇಲ್ಲ, ಆದರೆ ಹಿಮ ಇದೆ. ತುಂಬಿ ತುಳುಕುವ ಚರ್ಚ್ ನೋಡಿ ಬೆಳೆದವರು ಹತ್ತಿಪ್ಪತ್ತು ಅಜ್ಜ ಅಜ್ಜಿಯರ ಮುಂದೆ ಪೂಜೆ ಮಾಡಬೇಕು. ಅವರ ಉಚ್ಚಾರಣೆ ಅರ್ಥವಾಗುವುದಿಲ್ಲ ಅಂತ ಜನ ದೂರುತ್ತಾರೆ, ಆಮೇಲೆ ಅವರೇ ಕೇಕ್ ತಂದುಕೊಡುತ್ತಾರೆ. ವೀಸಾದ ಗಡುವು ಬೇರೆ. ಅಮೆರಿಕ ಧಾರ್ಮಿಕ ಕೆಲಸಗಾರರಿಗೆ ಕೊಡುವ ಆರ್-1 ವೀಸಾದಲ್ಲಿ ಹೆಚ್ಚೆಂದರೆ ಐದು ವರ್ಷ ಇರಬಹುದು. ಜನ ಹತ್ತಿರವಾಗುವ ಹೊತ್ತಿಗೆ ಪೆಟ್ಟಿಗೆ ಕಟ್ಟಬೇಕಾಗಬಹುದು.

## ರಜೆ, ಮುಪ್ಪು, ಮಣ್ಣು

ರಜೆಯ ನಿಯಮ ಸಭೆಯಿಂದ ಸಭೆಗೆ ಬೇರೆ. ಎರಡು ಮೂರು ವರ್ಷಕ್ಕೊಮ್ಮೆ ಊರಿಗೆ ಬರುವವರು ಜಾಸ್ತಿ. ಬಂದಾಗ ತಮ್ಮ ತಂಗಿಯರ ಮಕ್ಕಳು ಬೆಳೆದಿರುತ್ತಾರೆ, ಅಪ್ಪ ಅಮ್ಮ ಇನ್ನಷ್ಟು ಬಾಗಿರುತ್ತಾರೆ. ಈಗ ವಿಡಿಯೋ ಕಾಲ್ ಇದೆ, ವಿಮಾನ ಇದೆ. ಆದರೂ ಅಮ್ಮನ ಮಣ್ಣಿಗೆ ಹೊತ್ತಿಗೆ ಸರಿಯಾಗಿ ಬಂದು ಮುಟ್ಟಲಾಗದವರು ಇವತ್ತಿಗೂ ಇದ್ದಾರೆ.

ವಯಸ್ಸಾದ ಮೇಲೆ ಕೆಲವರು ತಮ್ಮ ದೇಶಕ್ಕೆ ಮರಳಿ ಸಭೆಯ ಹಿರಿಯರ ಮನೆಯಲ್ಲಿ ಇರುತ್ತಾರೆ. ಇನ್ನು ಕೆಲವರು ಬರಲು ಒಪ್ಪುವುದೇ ಇಲ್ಲ. ಊರಿನಲ್ಲಿ ಈಗ ತಮ್ಮನ್ನು ಗುರುತು ಹಿಡಿಯುವವರು ಕಡಿಮೆ, ಹೋದ ಊರಿನಲ್ಲೇ ನೆಂಟಸ್ತಿಕೆ ಬೆಳೆದಿರುತ್ತದೆ. ತಾವು ಜ್ಞಾನಸ್ನಾನ ಕೊಟ್ಟ ಮಗುವಿನ ಮದುವೆಯನ್ನೂ ತಾವೇ ಮಾಡಿಸಿರುತ್ತಾರೆ.

ಡೇಮಿಯನ್‌ಗೂ ಕುಷ್ಠ ತಗುಲಿತು. 1889ರ ಏಪ್ರಿಲ್ 15ರಂದು, 49ನೇ ವಯಸ್ಸಿನಲ್ಲಿ ತೀರಿಕೊಂಡರು. ರೋಗಿಗಳು ಅಲ್ಲೇ, ಮೊದಮೊದಲು ಅವರು ಮಲಗುತ್ತಿದ್ದ ಮರದ ಹತ್ತಿರ ಮಣ್ಣು ಮಾಡಿದರು. 1936ರಲ್ಲಿ ಬೆಲ್ಜಿಯಂ ದೇಶ ತನ್ನ ಮಗನನ್ನು ವಾಪಸ್ ಕೇಳಿತು. ಗೋರಿ ತೆರೆದು ದೇಹವನ್ನು ಹಡಗಿನಲ್ಲಿ ಕೊಂಡೊಯ್ದು ಲೂವೆನ್‌ನಲ್ಲಿ ಇಟ್ಟರು. ದ್ವೀಪದಲ್ಲಿ ಉಳಿದಿದ್ದವರಿಗೆ ಅದೊಂದು ಕೊರಗು. 1995ರಲ್ಲಿ ಅವರನ್ನು ಪುಣ್ಯವಂತರೆಂದು (ಸಂತ ಪದವಿಗೆ ಹಿಂದಿನ ಮೆಟ್ಟಿಲು) ಸಾರಿದ ಮೇಲೆ, ದೇಹದ ಒಂದು ಭಾಗವನ್ನು ಬೆಲ್ಜಿಯಮ್ಮಿನಿಂದ ಹವಾಯಿಗೆ ವಾಪಸ್ ಕಳಿಸಿದರು. ಗಾಯಗಳಿಗೆ ಪಟ್ಟಿ ಕಟ್ಟಿದ, ಶವಪೆಟ್ಟಿಗೆಗಳನ್ನು ಮಾಡಿದ ಬಲಗೈ. ಜನ ಅದನ್ನು ದ್ವೀಪಕ್ಕೆ ತಂದು ಅದೇ ಹಳೆಯ ಗೋರಿಯಲ್ಲಿ ಮತ್ತೆ ಮಣ್ಣು ಮಾಡಿದರು.